ನೀರು ಮುಟ್ಟದ ಶುಕ್ರವಾರ

ಎತ್ತರ ಅಂದರೆ ನನಗೆ ಹೆದರಿಕೆ ಇಲ್ಲ. ಇದ್ದಿದ್ದರೆ ಲಂಡನ್ನಿನಲ್ಲಿ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊತ್ತೆ, ಬಹರೈನಿನಲ್ಲಿ ಸ್ಕ್ಯಾಫೋಲ್ಡಿಂಗ್ ಕಲಿತೆ, ತೊಂಬತ್ತರ ದಶಕದಲ್ಲಿ ಹೆಂಡತಿಯ ನರ್ಸ್ ಕೆಲಸದ ವೀಸಾ ಹಿಡಿದು ಲಂಡನ್ನಿಗೆ ಬಂದು ಅದೇ ಕಸುಬು ಮುಂದುವರಿಸಿದೆ. ಕಟ್ಟಡ ಏಳುವ ಮೊದಲು ಅದರ ಸುತ್ತ ಉಕ್ಕಿನ ಕೊಳವೆಗಳ ಅಟ್ಟಣಿಗೆ ಏಳಬೇಕು. ಅದನ್ನು ಕಟ್ಟುವವರು ನಾವು. ಕೊಲಿಂಡೇಲ್‌ನ ಹೊಸ ಬ್ಲಾಕುಗಳಲ್ಲಿ ಈಗ ಎಳೆಯ ಜೋಡಿಗಳು ಬಾಡಿಗೆಗೆ ಇದ್ದಾರೆ, ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತಾರೆ. ಆ ಬಾಲ್ಕನಿಗಳು ಹುಟ್ಟುವ ಮೊದಲೇ ಆ ಗಾಳಿಯಲ್ಲಿ ನಿಂತವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಆದರೆ ಅಟ್ಟಣಿಗೆಯ ಹೆದರಿಕೆಗೆ ಒಂದು ಅಂಚು ಇರುತ್ತದೆ. ಹಲಗೆ ಇಲ್ಲಿ ಮುಗಿಯಿತು, ಇನ್ನು ಕಾಲಿಡಬೇಡ ಅಂತ ಕಣ್ಣಿಗೆ ಕಾಣುತ್ತದೆ. ಅಂಚೇ ಇಲ್ಲದ ಹೆದರಿಕೆಯನ್ನು ನಾನು ಕಂಡದ್ದು ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ. ಮೋಡಕ್ಕಿಂತ ಮೇಲಿರುವ ಆ ನೆಲ ಗದ್ದೆಯ ಹಾಗೆ ಚಪ್ಪಟೆ. ಬೀಳಲು ಜಾಗವೇ ಇಲ್ಲ. ಆ ಚಪ್ಪಟೆ ನೆಲದ ಮೇಲೆ ನಿಂತು, ನನ್ನ ಹೆಂಡತಿ ಇವತ್ತು ಉಳಿಯುವುದಿಲ್ಲ ಅಂತ ನಾನು ಅಂದುಕೊಂಡೆ.

ಅಲ್ಲಿಗೆ ಕರೆದವಳು ಮಗಳು. ಅವಳು ಹುಟ್ಟಿದ್ದು ಬಹರೈನಿನಲ್ಲಿ, ಬೆಳೆದದ್ದು ಲಂಡನ್ನಿನ ನಾರ್ದರ್ನ್ ಲೈನ್ ರೈಲು ಮುಗಿಯುವ ಎಜ್‌ವೇರ್‌ನಲ್ಲಿ. ನಮ್ಮ ಮನೆಮಾತು ಕೊಂಕಣಿ. ಆದರೆ ನಾನು, ಹೆಂಡತಿ ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ಮಗಳಿಗೆ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಯೂನಿವರ್ಸಿಟಿಯಲ್ಲಿ ಓದಿದ್ದು ಉಪ್ಪುನೀರಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ. ಅಂಥವು ಅಟಕಾಮದ ಉಪ್ಪುಕೆರೆಗಳಲ್ಲಿ ತುಂಬಾ ಇವೆಯಂತೆ. ಎರಡು ಸಾವಿರದ ದಶಕದ ನಡುವಿನ ಒಂದು ವರ್ಷ ಅವಳನ್ನು ಕೆಲವು ತಿಂಗಳಿಗೆ ಅಲ್ಲಿಗೆ ಕಳಿಸಿದರು. ಈಸ್ಟರ್ ರಜೆಗೆ ನೀವಿಬ್ಬರೂ ಬನ್ನಿ, ಬಿಸಿನೀರಿನ ಬುಗ್ಗೆ, ಉಪ್ಪಿನ ಬಯಲು, ನಾನು ಕೆಲಸ ಮಾಡುವ ಕೆರೆ ಎಲ್ಲ ತೋರಿಸುತ್ತೇನೆ ಅಂತ ಫೋನು ಮಾಡಿದಳು.

ಹೆಂಡತಿ ಆ ಕ್ಷಣವೇ ಹೂಂ ಅಂದಳು. ಮಂಗಳೂರು, ಬಹರೈನು, ಲಂಡನ್ನು, ಒಮ್ಮೆ ಫ್ರಾನ್ಸಿನ ಲೂರ್ದ್ ಮಾತೆಯ ಕ್ಷೇತ್ರ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ನಾನು ಹೂಂ ಅನ್ನಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಗಿತ್ತು. ಅವಳು ಕೆಲಸ ಮಾಡುವ ವಾರ್ಡಿನ ಪಕ್ಕದಲ್ಲೇ ಅವಳನ್ನು ಮಲಗಿಸಿದ್ದರು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ತನಗೆ ಡ್ರಿಪ್ ಹಾಕಿದ ಹುಡುಗಿಗೆ ಟೇಪು ಸರಿಯಾಗಿ ಅಂಟಿಸು ಅಂತ ಕೈಸನ್ನೆ ಮಾಡುತ್ತಿದ್ದಳು. ಅದನ್ನು ನೋಡಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಎದೆ ಏರಿಳಿಯುವುದನ್ನೇ ನೋಡುತ್ತಾ ಕುರ್ಚಿಯಲ್ಲಿ ಕುಳಿತಿದ್ದೆ.

ಇಬ್ಬರೂ ಜಿಪಿ ಹತ್ತಿರ ಹೋದೆವು. ಎದೆಯ ಹೊಸ ಎಕ್ಸ್‌ರೇ ನೋಡಿ ಆ ಡಾಕ್ಟರಮ್ಮ, ಹೋಗಬಹುದು, ಆದರೆ ನಿಧಾನವಾಗಿ ಮೇಲೆ ಹತ್ತಿ, ಬಾಯಾರದಿದ್ದರೂ ನೀರು ಕುಡಿಯುತ್ತಾ ಇರಿ, ತಲೆನೋವು ಬಂದರೆ ಮುಚ್ಚಿಡದೆ ಕೆಳಗಿಳಿಯಿರಿ ಅಂದರು. ನನ್ನ ಹೆಂಡತಿ ಇದೆಲ್ಲ ತನಗೆ ಗೊತ್ತಿಲ್ಲವೇ ಎಂಬಂತೆ ತಲೆಯಾಡಿಸಿದಳು. ನಾನು ಮಾತ್ರ ಒಂದೊಂದು ಮಾತನ್ನೂ ನೆನಪಿಟ್ಟುಕೊಂಡೆ.

ಆಮೇಲೆ ಯುಗಾದಿಗೆ ಕನ್ನಡದವರ ಕೂಟ ಇತ್ತು, ಬಾಡಿಗೆಯ ಸಭಾಂಗಣದಲ್ಲಿ. ಅಲ್ಲಿ ಬೆಂಗಳೂರಿನ ಒಬ್ಬ ಐಟಿಯವರು ಸಿಕ್ಕಿದರು, ಲಡಾಖಿಗೆ ಹೋಗಿ ಬಂದವರು. ನನ್ನ ತೋಳು ಹಿಡಿದು ನೋಡಿ, ಎತ್ತರದ ಗಾಳಿ ತೋಳಿನ ಗಟ್ಟಿ ನೋಡುವುದಿಲ್ಲ ಸಾರ್, ನಮ್ಮ ಗುಂಪಿನಲ್ಲಿ ದಿನಾ ಜಿಮ್‌ಗೆ ಹೋಗುವವನೇ ಮೊದಲು ಬಿದ್ದ ಅಂದರು. ತಮಾಷೆಗೆ ಹೇಳಿದ್ದು. ನಾನು ಕೈಯಲ್ಲಿದ್ದ ಒಬ್ಬಟ್ಟನ್ನು ತಟ್ಟೆಗೆ ವಾಪಸು ಇಟ್ಟೆ. ಮುಂದಿನ ಭಾನುವಾರ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಗಳಿಗೆ ಹೋಗಿ ಗ್ಲೂಕೋಸ್ ಪೊಟ್ಟಣ, ಶುಂಠಿ, ಉಣ್ಣೆಯ ಟೊಪ್ಪಿ ತಂದೆ. ಅವಳು ನೋಡಿ, ಯುದ್ಧಕ್ಕೆ ಹೊರಟಿದ್ದೀರಾ ಅಂದಳು.

ನಾವು ಇಳಿದ ಊರು ಮಣ್ಣಿನ ಗೋಡೆಗಳ ಸಣ್ಣ ಊರು. ಗೋಡೆಗಳ ಆಚೆ ಏನೂ ಇಲ್ಲ. ಹುಲ್ಲಿಲ್ಲ, ಹಕ್ಕಿಯಿಲ್ಲ, ನೊಣ ಕೂಡ ಇಲ್ಲ. ಮಳೆ ಅಂದರೆ ಏನೆಂದು ಇಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕು ಅಂತ ಮಗಳು ಹೇಳಿದಳು. ಕಡಲತೀರದಲ್ಲಿ ಹುಟ್ಟಿದವನಿಗೆ ಗಾಳಿಯಲ್ಲಿ ತೇವ ಇಲ್ಲದಿರುವುದು ಹೇಗಿರುತ್ತದೆ ಅಂದರೆ, ಮನೆಯಲ್ಲಿ ಎಲ್ಲರೂ ಇದ್ದೂ ಯಾರೂ ಮಾತಾಡದ ಹಾಗೆ. ಮೊದಲ ಬೆಳಿಗ್ಗೆ ಮೂಗಿನಿಂದ ರಕ್ತ ಬಂತು, ನನಗೆ. ಹೆಂಡತಿ ಹತ್ತಿ ತುರುಕಿ, ಒಣಗಿದ್ದಕ್ಕೆ ಅಷ್ಟೇ, ಹೆದರಬೇಡಿ ಅಂದಳು. ಅವಳಿಗೆ ಏನೂ ಆಗಲಿಲ್ಲ. ಚಂದ್ರನ ನೆಲದಂತೆ ಇರುವ ಕಣಿವೆಯಲ್ಲಿ ಅವಳು ಮಗಳ ಜೊತೆ ಮುಂದೆ ಮುಂದೆ ನಡೆದಳು. ಉಪ್ಪಿನ ಬಯಲಿನಲ್ಲಿ, ಉತ್ತ ಗದ್ದೆಯ ಮೇಲೆ ಹಿಮ ಬಿದ್ದು ಕಲ್ಲಾದ ಹಾಗಿದ್ದ ಆ ಬಿಳಿಯ ಹೆಂಟೆಗಳ ನಡುವೆ ಕುಳಿತು, ಒಂದು ಚೂರು ಉಪ್ಪು ಒಡೆದು ನಾಲಿಗೆಗೆ ಮುಟ್ಟಿಸಿ ನೋಡಿದಳು. ನಾನು ಅವಳ ಹಿಂದೆ ನಿಂತು ಅವಳ ಉಸಿರು ಕೇಳುತ್ತಿದ್ದೆ. ಅಲ್ಲಿ ಕೇಳಲು ಬೇರೆ ಸದ್ದೂ ಇರಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಬಿಸಿನೀರಿನ ಬುಗ್ಗೆಗಳ ಬಯಲಿನಲ್ಲಿದ್ದೆವು. ಊರಿಗಿಂತ ತುಂಬಾ ಮೇಲೆ. ಜೀಪು ಓಡಿಸಿದವನು ಆ ಬೆಟ್ಟದವನೇ, ನನ್ನ ವಯಸ್ಸಿನವನು, ವೀಳ್ಯ ಇಟ್ಟುಕೊಂಡ ಹಾಗೆ ಕೆನ್ನೆಯಲ್ಲಿ ಯಾವುದೋ ಎಲೆ ಇಟ್ಟುಕೊಂಡು ಮೆಲ್ಲುತ್ತಿದ್ದ. ಅವನ ಸ್ಪ್ಯಾನಿಷ್ ಮಾತನ್ನು ಮಗಳು ನಮಗೆ ತಿಳಿಸುತ್ತಿದ್ದಳು. ಕಲ್ಲುಗಳ ಸಾಲು ದಾಟಬೇಡಿ, ನೆಲ ತೆಳ್ಳಗಿದೆ, ಕೆಳಗೆ ಕುದಿಯುವ ನೀರು ಅಂದನಂತೆ. ನೂರಾರು ಕಡೆಯಿಂದ ಆವಿಯ ಕಂಬಗಳು ಏಳುತ್ತಿದ್ದವು. ಬೂಟಿನ ಅಡಿಯಲ್ಲಿ ನೆಲ ಗುಡುಗುಡು ಅನ್ನುತ್ತಿತ್ತು. ಹೊಸ ಹಲಗೆ ಹಾಕಿದಾಗ ಕಾಲಿನಿಂದ ಗುದ್ದಿ ಸದ್ದು ನೋಡುವುದು ನನ್ನ ಅಭ್ಯಾಸ, ಅಲ್ಲೂ ಗುದ್ದಿದೆ. ಟೊಳ್ಳು ಸದ್ದು ಬಂತು. ಪಪ್ಪಾ, ಡೋಂಟ್, ಅಂತ ಮಗಳು ತೋಳು ಹಿಡಿದು ಎಳೆದಳು.

ಹೆಂಡತಿಯ ಮುಖ ಮಾತ್ರ ಅರಳಿತ್ತು. ಅವಳ ತಾಯಿಯ ಮನೆಯಲ್ಲಿ ಭತ್ತ ಬೇಯಿಸುವ ಹಂಡೆಗಳನ್ನು ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದರಂತೆ, ಬೆಳಿಗ್ಗೆ ಎದ್ದರೆ ಅಂಗಳವಿಡೀ ಹೀಗೆಯೇ ಆವಿ. ಅದನ್ನು ಹೇಳುತ್ತಾ ಕೈಚೀಲ ನನ್ನ ಕೈಗೆ ಕೊಟ್ಟಳು, ಟೊಪ್ಪಿ ಸರಿ ಮಾಡಿಕೊಳ್ಳಲು. ಚೀಲ ಭಾರ ಇತ್ತು. ಒಳಗೆ ನೋಡಿದೆ. ನಾನೇ ಹಿಂದಿನ ದಿನ ಕೊಂಡುಕೊಟ್ಟ ನೀರಿನ ಬಾಟಲಿ, ಮುಚ್ಚಳದ ಸೀಲು ಒಡೆದಿರಲಿಲ್ಲ.

ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಅದು ಶುಭ ಶುಕ್ರವಾರ. ನಮ್ಮ ಕಡೆಯ ಕ್ರಿಸ್ತುವರಿಗೆ ಆ ದಿನ ಒಂದು ಹೊತ್ತು ಗಂಜಿ, ಅಷ್ಟೇ. ಅವಳ ತಾಯಿಯ ಮನೆಯ ಕ್ರಮ ಇನ್ನೂ ಕಠಿಣ. ಸ್ವಾಮಿ ಶಿಲುಬೆಯ ಮೇಲೆ ಬಾಯಾರಿ ಪ್ರಾಣ ಬಿಟ್ಟ ಮಧ್ಯಾಹ್ನ ಮೂರು ಗಂಟೆಯ ತನಕ ಒಂದು ಹನಿ ನೀರೂ ಬಾಯಿಗೆ ಹೋಗಬಾರದು. ಚಿಕ್ಕಂದಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ವರ್ಷದಿಂದ ಅವಳು ಅದನ್ನು ಬಿಟ್ಟವಳಲ್ಲ. ಲಂಡನ್ನಿನಲ್ಲಿ ಲಾಂಗ್ ಶಿಫ್ಟಿನಲ್ಲೂ ಬಿಟ್ಟವಳಲ್ಲ. ಪ್ರತಿ ವರ್ಷ ಆ ದಿನ ನಾನು ಅವಳಿಗೆ ಕಾಣದ ಹಾಗೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದೆ. ಈ ಸಲ ಪ್ರಯಾಣ, ಹೋದ ವರ್ಷ ಕಾಯಿಲೆ. ಇಗರ್ಜಿಯೇ ಅಂಥವರಿಗೆ ಉಪವಾಸದಿಂದ ಬಿಡುಗಡೆ ಕೊಟ್ಟಿರುವಾಗ ಅವಳೂ ಬಿಟ್ಟಿರುತ್ತಾಳೆ ಎಂದುಕೊಂಡಿದ್ದೆ. ಬೆಳಿಗ್ಗೆ ತಿಂಡಿಯ ಡಬ್ಬಿಯನ್ನು ಆಮೇಲೆ ತಿನ್ನುತ್ತೇನೆ ಅಂತ ಚೀಲಕ್ಕೆ ಹಾಕಿದ್ದಳು. ಹಿಂದಿನ ಸಂಜೆಯ ಊಟದ ಮೇಲೆ ಅವಳ ಗಂಟಲಿಗೆ ಏನೂ ಇಳಿದಿರಲಿಲ್ಲ.

"ಬಾಟಲಿ ಯಾಕೆ ತೆರೆದಿಲ್ಲ?" ಅಂದೆ.

"ಇವತ್ತು ಯಾವ ದಿನ ಅಂತ ಮರೆತಿರಾ?"

"ಪ್ರಯಾಣದವರಿಗೆ ಬಿಡುಗಡೆ ಉಂಟು ಮಾರಾಯ್ತಿ. ಕಾಯಿಲೆಯವರಿಗೂ ಉಂಟು."

"ನಾನು ಕಾಯಿಲೆಯವಳಲ್ಲ. ಇದು ಪ್ರಯಾಣವೂ ಅಲ್ಲ, ಪಿಕ್ನಿಕ್ಕು. ವಾರ್ಡಿನಲ್ಲಿ ನಿಂತುಕೊಂಡು ಮಾಡಿದ್ದನ್ನು ಪಿಕ್ನಿಕ್ಕಿಗೆ ಬಂದು ಬಿಡ್ಲಿಕ್ಕಾಗ್ತದಾ?"

ಜಿಪಿ ಹೇಳಿದ್ದನ್ನು ನೆನಪಿಸಿದೆ. ಮೂರು ಗಂಟೆಗೆ ಎರಡು ಬಾಟಲಿ ಒಟ್ಟಿಗೆ ಕುಡಿಯುತ್ತೇನೆ, ನರ್ಸಿಗೆ ಪಾಠ ಹೇಳಬೇಡಿ ಅಂದಳು. ಮಗಳಿಗೆ ಹೇಳುವುದು ಬೇಡ, ಅವಳ ದಿನ ಹಾಳು ಮಾಡಬೇಡಿ ಅಂತಲೂ ಅಂದಳು. ನಾನು ನೇರ ಮಗಳ ಹತ್ತಿರ ಹೋಗಿ ಹೇಳಿದೆ.

ಮಗಳ ಮುಖ ಬಿಳಿಚಿಕೊಂಡಿತು. ಮರುಭೂಮಿಯಲ್ಲಿ ಅವಳಿಗೆ ವಾರ ತಿಥಿಯೇ ಮರೆತುಹೋಗಿತ್ತು. ಅವಳು ಅಮ್ಮನ ಹತ್ತಿರ ವಾದಿಸಿದಳು, ಇಂಗ್ಲಿಷಿನಲ್ಲಿ, ವೇಗವಾಗಿ. ಅಮ್ಮ ಕೊಂಕಣಿಯಲ್ಲಿ, ನಿಧಾನವಾಗಿ. ನಾನು ಡ್ರೈವರನ ಕಡೆ ತಿರುಗಿದೆ. ಬೆಟ್ಟ ಬಲ್ಲವನು, ಇವನಾದರೂ ಬೈದಾನು, ನನ್ನ ಪಕ್ಷಕ್ಕೆ ಒಬ್ಬನಾದರೂ ಸಿಕ್ಕಾನು ಎಂಬ ಆಸೆ. ವಿಷಯ ತಿಳಿದದ್ದೇ ಆ ಮನುಷ್ಯ ತಲೆಯ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ. ಅವನ ತಾಯಿಯೂ ಹೀಗೆಯೇ ಇರುತ್ತಿದ್ದಳಂತೆ. ಹೆಂಡತಿ ನನ್ನ ಮುಖ ನೋಡಿ ನಕ್ಕಳು.

ಕೆಳಗಿಳಿಯೋಣ ಅಂದೆವು ನಾನೂ ಮಗಳೂ. ಕೆರೆ ನೋಡದೆ ಇಳಿಯುವುದಿಲ್ಲ ಅಂದಳು ಹೆಂಡತಿ. ಮಗಳು ತಿಂಗಳುಗಟ್ಟಲೆ ಒಬ್ಬಳೇ ಕುಳಿತು ಕೆಲಸ ಮಾಡುವ ಜಾಗ, ಅದನ್ನು ಕಣ್ಣಾರೆ ಕಂಡರೆ ಎಜ್‌ವೇರ್‌ನಲ್ಲಿ ನಿದ್ದೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅವಳಿಗೆ ಆಗ ತಲೆನೋವಿರಲಿಲ್ಲ, ನಡಿಗೆ ನೆಟ್ಟಗಿತ್ತು. ಸ್ವಲ್ಪ ಹೊತ್ತು ನೋಡಿ ಇಳಿದುಬಿಡುವುದು ಅಂತ ಒಪ್ಪಂದ ಆಯಿತು. ಜೀಪಿನಲ್ಲಿ ಕುಳಿತ ಮೇಲೆ ನನ್ನ ಬಾಟಲಿ ತೆರೆದೆ. ಪಕ್ಕದಲ್ಲಿ ಅವಳ ಒಣಗಿದ ತುಟಿ. ಅಡಿಗೆಮನೆಯ ಗೋಡೆ ಇರಲಿಲ್ಲವಲ್ಲ ಅಲ್ಲಿ. ಮುಚ್ಚಳ ಹಾಕಿ ಇಟ್ಟೆ.

ದಾರಿ ಇನ್ನೂ ಮೇಲೆ ಹತ್ತಿತು. ಬೆಟ್ಟ ದಾಟುವ ಒಂದು ಕಣಿವೆಯ ತಲೆಯ ಮೇಲೆ ಏರಿ, ಆಚೆ ಬದಿ ಸ್ವಲ್ಪ ಇಳಿದರೆ ಕೆರೆ. ಏರುವಾಗಲೇ ನನಗೆ ಒಂದು ಲೆಕ್ಕ ಹೊಳೆಯಿತು. ವಾಪಸು ಬರಲು ಇದನ್ನೇ ಏರಬೇಕು. ಅಟ್ಟಣಿಗೆಯಲ್ಲಿ ಏನೇ ಆಗಲಿ, ಕೆಳಗೆ ಅನ್ನುವುದು ಒಂದೇ ದಿಕ್ಕಿನಲ್ಲಿರುತ್ತದೆ. ಇಲ್ಲಿ ಕೆಳಗಿಳಿಯಬೇಕಾದರೆ ಮೊದಲು ಮೇಲೆ ಹೋಗಬೇಕು.

ಕೆರೆ ಚೆನ್ನಾಗಿತ್ತು. ಚೆನ್ನಾಗಿತ್ತು ಅನ್ನುವುದು ಸಣ್ಣ ಮಾತು. ಬಿಳಿಯ ಉಪ್ಪಿನ ದಡ, ಹಸಿರು ನೀರು, ನೀರಿನಲ್ಲಿ ತಲೆಕೆಳಗಾದ ಜ್ವಾಲಾಮುಖಿ, ಅದರ ತುದಿಯಲ್ಲಿ ಹಿಮ. ನೀರಿನ ನಡುವೆ ಗುಲಾಬಿ ಬಣ್ಣದ ರಾಜಹಂಸಗಳು ತಲೆ ತಗ್ಗಿಸಿ ನಡೆಯುತ್ತಿದ್ದವು. ಅಷ್ಟು ನೀರು, ಒಂದು ಬೊಗಸೆ ಕುಡಿಯುವ ಹಾಗಿಲ್ಲ, ವಿಷ. ಮಗಳು ದಡದ ಒಂದು ಕಲ್ಲು ತೋರಿಸಿ, ಇಲ್ಲೇ ನಾನು ಕೂರುವುದು ಅಂದಳು. ಹೆಂಡತಿ ಹೋಗಿ ಅದೇ ಕಲ್ಲಿನ ಮೇಲೆ ಕುಳಿತಳು.

"ಈ ಹಕ್ಕಿಗಳು ಎಂತ ತಿನ್ನುತ್ತವೆ?" ಅಂತ ಕೇಳಿದಳು.

ಮಗಳು ಹೇಳಿದಳು, ತಾನು ಓದುವ ಆ ಸಣ್ಣ ಜೀವಿಗಳನ್ನೇ, ಅದರಿಂದಲೇ ಅವಕ್ಕೆ ಆ ಬಣ್ಣ ಅಂತ. ಹೆಂಡತಿ ತಲೆಯಾಡಿಸಿದಳು. ಟೊಪ್ಪಿಯನ್ನು ಕಿವಿಯ ತನಕ ಎಳೆದುಕೊಂಡಳು.

"ಈ ಹಕ್ಕಿಗಳು ಎಂತ ತಿನ್ನುತ್ತವೆ?"

ಮಗಳು ನಗುತ್ತಾ ಮತ್ತೊಮ್ಮೆ ಹೇಳಿದಳು. ನಾನು ನಗಲಿಲ್ಲ. ಅವಳ ಎದುರು ಬಂದು ಬಗ್ಗಿ ನೋಡಿದೆ. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಅವಳು ನನ್ನನ್ನು ನೋಡಿದಳು, ಆದರೆ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಮೂರನೆಯ ಸಲ ಅದೇ ಪ್ರಶ್ನೆ ಬಂತು, ಅದೇ ಸ್ವರದಲ್ಲಿ, ಹೊಸದಾಗಿ ಕೇಳುತ್ತಿರುವವಳ ಕುತೂಹಲದಲ್ಲಿ. ನಾನು ಡ್ರೈವರನನ್ನು ಕೂಗಿ ಕರೆದೆ.

ಡ್ರೈವರ್ ಓಡಿ ಬಂದ. ಇಬ್ಬರೂ ಸೇರಿ ಅವಳನ್ನು ಜೀಪಿಗೆ ನಡೆಸಿದೆವು. ಅವಳ ಕಾಲು ಕುಡಿದವರ ಕಾಲಿನಂತೆ ಅಡ್ಡ ಬೀಳುತ್ತಿತ್ತು. ಜೀಪಿನಲ್ಲಿ ಒಂದು ಸಣ್ಣ ಆಮ್ಲಜನಕದ ಸಿಲಿಂಡರ್ ಇತ್ತು. ಮಾಸ್ಕು ಹಿಡಿದರೆ, ಗಾಳಿಗೆ ಉಪವಾಸ ಇಲ್ಲ ಅಲ್ಲವಾ, ಅಂತ ತಾನೇ ಕಟ್ಟಿಕೊಂಡಳು. ಅದನ್ನು ಕೇಳಿ ನನಗೆ ಸ್ವಲ್ಪ ಜೀವ ಬಂತು. ಡ್ರೈವರ್ ಈಗ ಹ್ಯಾಟು ತೆಗೆಯಲಿಲ್ಲ. ಕಣಿವೆಯ ತಲೆ ದಾಟುವ ಮೊದಲು ಅಮ್ಮನಿಗೆ ನೀರೂ ಸಕ್ಕರೆಯೂ ಹೋಗಬೇಕು, ಸಿಲಿಂಡರ್ ಅಷ್ಟು ದೂರ ಬರುವುದಿಲ್ಲ ಅಂದ. ಮಗಳು ಅದನ್ನು ಇಂಗ್ಲಿಷಿಗೆ ತರುವಾಗ ಅವಳ ಸ್ವರ ಒಡೆಯಿತು.

ನನ್ನ ಗ್ಲೂಕೋಸ್ ಪೊಟ್ಟಣ ಹರಿದು ಬಾಟಲಿಗೆ ಸುರಿದು ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ಕೈಯಿಂದ ದೂಡಿದಳು. ಮಗಳು ಹಿಡಿದರೂ ದೂಡಿದಳು. ಮೂರು ಗಂಟೆ ಅಂದಳು. ನಮ್ಮ ಎಜ್‌ವೇರ್‌ನಲ್ಲಿ ಈಗ ಮೂರು ದಾಟಿದೆ, ಇಗರ್ಜಿಯಲ್ಲಿ ಶಿಲುಬೆಗೆ ಮುತ್ತಿಟ್ಟು ಜನ ಮನೆಗೆ ಹೋಗಿರುತ್ತಾರೆ, ಆ ಲೆಕ್ಕದಲ್ಲಿ ನಿನ್ನ ಉಪವಾಸ ಮುಗಿಯಿತು ಅಂತ ಹೇಳಿ ನೋಡಿದೆ. ಮಾಸ್ಕಿನ ಒಳಗಿಂದ ಅವಳ ಉತ್ತರ ಬಂತು:

"ಸೂರ್ಯ ಎಜ್‌ವೇರ್‌ನಲ್ಲಿದ್ದಾನಾ? ಅಗೋ ಅಲ್ಲಿದ್ದಾನೆ."

ಅಷ್ಟು ಗೊಂದಲದಲ್ಲೂ ಅದಕ್ಕೆ ಮಾತ್ರ ಬುದ್ಧಿ ಇತ್ತು. ನಾನು ಮತ್ತೆ ಬಾಟಲಿ ಎತ್ತಲು ಬಗ್ಗಿದೆ. ಬಗ್ಗಿದವನಿಗೆ ತಲೆಯೊಳಗೆ ಯಾರೋ ಸ್ಪ್ಯಾನರಿನಿಂದ ಹೊಡೆದ ಹಾಗಾಯಿತು. ಬಾಗಿಲು ತೆಗೆದು ಹೊರಗೆ ವಾಂತಿ ಮಾಡಿದೆ. ನಸುಕಿನಲ್ಲಿ ಹೊರಟವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹಳದಿ ನೀರು ಬಂತು, ಮತ್ತೆ ಬಂತು. ಉಪ್ಪಿನ ನೆಲಕ್ಕೆ ಕೈ ಊರಿ ನಿಂತವನಿಗೆ ಏಳಲು ಆಗಲಿಲ್ಲ. ಬೆಳಿಗ್ಗೆಯಿಂದ ಅವಳ ಉಸಿರು ಕಾಯುತ್ತಾ ನನ್ನ ತಲೆ ಸಿಡಿಯುತ್ತಿರುವುದನ್ನೇ ನಾನು ಗಮನಿಸಿರಲಿಲ್ಲ. ಮಗಳು ಬಂದು ಹಿಡಿದು ಕೂರಿಸಿದಳು. ಇಬ್ಬರ ನಡುವೆ ಕುಳಿತು, ಇಬ್ಬರ ಒಂದೊಂದು ಕೈ ಹಿಡಿದು, ನಾನು ಕರೆದದ್ದು ತಪ್ಪಾಯಿತು, ನಾನು ಕರೆಯಬಾರದಿತ್ತು ಅಂತ ಅಳತೊಡಗಿದಳು.

ಹೆಂಡತಿ ಮಾಸ್ಕು ಸರಿಸಿದಳು. ನನ್ನ ಕೆನ್ನೆ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಇಪ್ಪತ್ತೈದು ವರ್ಷ ಪೇಶಂಟುಗಳನ್ನು ನೋಡಿದ ಬೆರಳು, ತಾನಾಗಿ ಕೆಲಸ ಮಾಡಿತು.

"ನೀವು ನೀರು ಕುಡಿದದ್ದು ಯಾವಾಗ?"

"ನಿನ್ನೆ ರಾತ್ರಿ, ನೀನು ಕುಡಿದಾಗ."

"ಎಂತ ಮರುಳು ಇದು? ಕುಡಿಯಿರಿ. ನಾನು ನರ್ಸು ಹೇಳ್ತಾ ಇದ್ದೇನೆ."

"ಇವತ್ತು ನರ್ಸ್ ಯಾರು ಪೇಶಂಟ್ ಯಾರು ಗೊತ್ತಾಗುವುದಿಲ್ಲ. ಮೊದಲು ನೀನು."

"ನಾನು ಕುಡಿಯದಿದ್ದರೆ?"

"ನನಗೆ ಇಳಿಯುವುದಿಲ್ಲ," ಅಂದೆ. ಅದು ಹಟದ ಮಾತಾಗಿರಲಿಲ್ಲ. ನಿಜವಾಗಿ ಇಳಿಯುತ್ತಿರಲಿಲ್ಲ.

ಅವಳು ತುಂಬಾ ಹೊತ್ತು ನನ್ನನ್ನು ನೋಡಿದಳು, ಅಥವಾ ನನಗೆ ಹಾಗನ್ನಿಸಿತು. ಆಮೇಲೆ ಶಿಲುಬೆಯ ಗುರುತು ಹಾಕಿ, ಬಾಟಲಿ ಎತ್ತಿ ಕುಡಿದಳು. ಒಂದು ಗುಟುಕು, ಎರಡು, ಆಮೇಲೆ ನಿಲ್ಲಿಸಲಾಗದೆ ಗಟಗಟನೆ. ಬಾಟಲಿ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನೂ ಕುಡಿದೆ. ಗ್ಲೂಕೋಸಿನ ಆ ಸಿಹಿ ಇವತ್ತಿಗೂ ನನಗೆ ಆಗುವುದಿಲ್ಲ.

ಜೀಪು ಏರತೊಡಗಿತು. ಕುಡಿದಳಲ್ಲ, ಇನ್ನು ಹೆದರಿಕೆ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಸಿಲಿಂಡರಿನ ಮುಳ್ಳು ಕೆಳಗೆ ಬರುತ್ತಿತ್ತು, ದಾರಿ ಮೇಲೆ ಹೋಗುತ್ತಿತ್ತು. ಅವಳ ತಲೆ ಮಗಳ ಭುಜದ ಮೇಲೆ ವಾಲಿತು. ಅದು ನಿದ್ದೆಯೋ ಬೇರೆಯೋ ತಿಳಿಯದೆ ನಾನು ಮಾತಾಡಿಸುತ್ತಲೇ ಇದ್ದೆ. ಸೌತ್‌ಹಾಲ್‌ನಲ್ಲಿ ಬಂಗುಡೆ ಎಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಕೇಳಿದೆ, ಸರಿಯಾಗಿ ಹೇಳಿದಳು. ನಿನ್ನ ವಾರ್ಡು ಎಷ್ಟನೆಯ ಮಹಡಿ ಅಂದೆ, ಹೇಳಿದಳು, ಬೇಸರದಿಂದ.

"ನಮ್ಮ ಮನೆ ಬಾಗಿಲಿನ ಬಣ್ಣ ಯಾವುದು?"

"ಹಸಿರು."

ಎಜ್‌ವೇರ್‌ನ ನಮ್ಮ ಬಾಗಿಲು ಕೆಂಪು. ನಾನೇ ಬಳಿದದ್ದು, ಅವಳೇ ಆರಿಸಿದ ಬಣ್ಣ. ಮಗಳು ನನ್ನ ಮುಖ ನೋಡಿದಳು, ನಾನು ಅವಳದು. ಮುಂದೆ ಡ್ರೈವರ್ ಏನೋ ಜಪಿಸುತ್ತಿದ್ದ. ಭಾಷೆ ತಿಳಿಯದಿದ್ದರೂ ಅದರ ಏರಿಳಿತದಿಂದ ಅದು ಮರಿಯಮ್ಮನ ಪ್ರಾರ್ಥನೆ ಅಂತ ಗೊತ್ತಾಯಿತು. ನಾನು ಕೊಂಕಣಿಯಲ್ಲಿ ಅದನ್ನೇ ಹಿಡಿದೆ. ಅವನದು ಮುಗಿಯುವಾಗ ನನ್ನದು ನಡುವಿನಲ್ಲಿ ಇರುತ್ತಿತ್ತು, ನನ್ನದು ಮುಗಿಯುವಾಗ ಅವನದು. ಕಿಟಕಿಯ ಹೊರಗೆ ಕಲ್ಲು, ಆಕಾಶ. ಆಕಾಶದ ನೀಲಿ ಕಪ್ಪಿಗೆ ತಿರುಗಿತ್ತು. ಆ ಹೊತ್ತಿನಲ್ಲಿ ನಾನು ಮಂಗಳೂರಿನ ತನಕ ಯೋಚಿಸಿದೆ, ಅವಳ ಅಣ್ಣನಿಗೆ ಯಾವ ಬಾಯಿಂದ ಫೋನು ಮಾಡಲಿ, ಏನು ಅಂತ ಹೇಳಲಿ ಎಂಬಲ್ಲಿಯ ತನಕ.

ಕಣಿವೆಯ ತಲೆ ದಾಟಿದ್ದು ನನಗೆ ತಿಳಿಯಲೇ ಇಲ್ಲ. ಕಿವಿ ಪಟ್ ಅಂದಾಗ ಇಳಿಯುತ್ತಿದ್ದೇವೆ ಅಂತ ಗೊತ್ತಾಯಿತು. ತಿರುವು, ಮತ್ತೆ ತಿರುವು. ಒಣ ಹುಲ್ಲಿನ ಕುಚ್ಚುಗಳು ಬಂದವು, ಆಮೇಲೆ ಕಳ್ಳಿ ಗಿಡ. ಮೊದಲ ಕಳ್ಳಿ ಗಿಡ ಕಂಡಾಗ ಅವಳು ಕಣ್ಣು ತೆರೆದಳು.

"ಕೆಂಪು," ಅಂದಳು. "ಹಸಿರು ಅಂದೆ ಅಲ್ಲವಾ ನಾನು? ಯಾಕೆ ಹಾಗೆ ಅಂದೆ?"

ನಾನು ಮುಖ ಮುಚ್ಚಿಕೊಂಡಿದ್ದೆ. ಮಗಳು ನನ್ನ ಬೆನ್ನು ಸವರುತ್ತಿದ್ದಳು.

ಊರಿನ ಸಣ್ಣ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಮತ್ತೆ ಆಮ್ಲಜನಕ ಕೊಟ್ಟರು. ಎದೆಗೆ ಕಿವಿಗೊಳವೆ ಇಟ್ಟು ಕೇಳಿದ ಎಳೆಯ ಡಾಕ್ಟರು, ಬೇಗ ಇಳಿದಿರಿ, ನೀರು ಕೊಟ್ಟಿರಿ, ಒಳ್ಳೆಯದಾಯಿತು, ಇನ್ನು ಮೇಲೆ ಹೋಗಬೇಡಿ ಅಂದರು. ಕಿಟಕಿಯ ಹೊರಗೆ ಟಕಟಕ ಅಂತ ಮರದ ಸದ್ದು ಕೇಳಿತು. ನಾನು ಬೆಚ್ಚಿಬಿದ್ದೆ. ಏನೋ ಮುರಿಯಿತು ಅಂದುಕೊಂಡೆ. ಆಮೇಲೆ ತಿಳಿಯಿತು. ಶುಭ ಶುಕ್ರವಾರ ಇಗರ್ಜಿಯ ಗಂಟೆ ಹೊಡೆಯುವುದಿಲ್ಲವಲ್ಲ, ನಮ್ಮೂರಿನ ಹಾಗೆ ಇಲ್ಲಿಯೂ ಮರದ ಹಲಗೆ ಬಡಿದು ಜನರನ್ನು ಕರೆಯುತ್ತಾರೆ. ಮೂರು ಗಂಟೆ ಆಗಿತ್ತು.

ಅವಳು ಮಲಗಿದಲ್ಲೇ ಶಿಲುಬೆಯ ಗುರುತು ಹಾಕಿದಳು. ಸದ್ದು ನಿಲ್ಲುವ ತನಕ ಕಣ್ಣು ಮುಚ್ಚಿಕೊಂಡಿದ್ದಳು.

"ನಾನು ಕುಡಿದದ್ದು ನಿಮಗಾಗಿ," ಅಂದಳು ಆಮೇಲೆ. "ಮೇಲೆ ಕೇಳಿದರೆ ನಿಮ್ಮನ್ನೇ ತೋರಿಸ್ತೇನೆ."

"ತೋರಿಸು," ಅಂದೆ.

"ತೋರಿಸದೆ ಬಿಡುವುದಿಲ್ಲ."

ಅವಳ ಕಣ್ಣಿನಲ್ಲಿ ನೀರಿತ್ತು. ಎಳೆಯ ವಯಸ್ಸಿನಿಂದ ಕಾಪಾಡಿಕೊಂಡು ಬಂದದ್ದು ಅದು. ಒಂದು ಜೀಪಿನ ಸೀಟಿನಲ್ಲಿ ಮುಗಿದುಹೋಯಿತು. ಸಮಾಧಾನ ಹೇಳಲು ಬಾಯಿ ತೆರೆದೆ. ಆದರೆ ನನಗೆ ಆಗ ಸಂತೋಷವೇ ಆಗಿತ್ತು, ಅದು ಸ್ವರದಲ್ಲಿ ತಿಳಿದುಬಿಡುತ್ತದೆ ಅಂತ ಸುಮ್ಮನಾದೆ.

ಮುಂದಿನ ವರ್ಷದ ಶುಭ ಶುಕ್ರವಾರ ಅವಳು ಮತ್ತೆ ನೀರು ಮುಟ್ಟಲಿಲ್ಲ. ಲಂಡನ್ ಬೆಟ್ಟದ ಮೇಲೆ ಇಲ್ಲವಲ್ಲ ಅಂದಳು. ನನಗೆ ಮಾತ್ರ ಅವಳ ಎದುರೇ ಎರಡು ಲೋಟ ಕುಡಿಸಿದಳು, ಒಬ್ಬರಾದರೂ ನೆಟ್ಟಗಿರಬೇಕಂತೆ. ಮಧ್ಯಾಹ್ನ ಇಗರ್ಜಿಗೆ ಹೋಗಿ, ಆರಾಧನೆ ಮುಗಿಸಿ, ಟ್ಯೂಬ್ ರೈಲಿನಲ್ಲಿ ಎಜ್‌ವೇರ್‌ಗೆ ಬಂದೆವು. ಅವಳು ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಳು. ಅರ್ಧದಲ್ಲಿ ಒಮ್ಮೆ ನಿಂತು ಕಂಬಿ ಹಿಡಿದಳು, ಚೀಲ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಲು. ಹಿಂದೆ ಬರುತ್ತಿದ್ದ ನನ್ನ ಎರಡೂ ಕೈ ತಾವಾಗಿ ಮುಂದೆ ಚಾಚಿಕೊಂಡವು. ಅವಳು ತಿರುಗಿ ನೋಡಿದಳು.

"ಕೈ ಇಳಿಸಿ, ಮಾರಾಯ್ರೆ. ಜನ ನೋಡ್ತಾರೆ."

ಜನ ನೋಡುತ್ತಿದ್ದರು. ನಾನು ಇಳಿಸಲಿಲ್ಲ.